ಲಿಫ್ಟ್ ಮಾವನ ಹೊಟ್ಟೆ ಮತ್ತು ಕಾಲು

ನನ್ನ ಸೋದರಮಾವ ಮೂವತ್ತೊಂದು ವರ್ಷ ಲಿಫ್ಟ್ ರಿಪೇರಿ ಮಾಡಿದವನು. ಮನೆಮಂದಿಗೆಲ್ಲ ಅವನು ಲಿಫ್ಟ್ ಮಾವ. ನಾವು ಲಿಫ್ಟಿನ ಒಳಗೆ ನಿಂತು ಬಟನ್ ಒತ್ತುವವರು, ಅವನು ಅದರ ತಲೆಯ ಮೇಲೆ ನಿಲ್ಲುವವನು. ತಂತಿಗೆ ಸಿಕ್ಕಿಸಿದ ಒಂದೇ ಒಂದು ಬಲ್ಬಿನ ಬೆಳಕಿನಲ್ಲಿ, ಲಿಫ್ಟು ಓಡಾಡುವ ಹತ್ತು ಹನ್ನೆರಡು ಮಹಡಿಯ ಬಾವಿಯಂಥ ಶಾಫ್ಟಿನೊಳಗೆ ಅಡಿಯಡಿಯಾಗಿ ಇಳಿಯುತ್ತ ಹಳಿಗಳಿಗೆ ಎಣ್ಣೆ ಹಚ್ಚುವುದು, ಉಕ್ಕಿನ ಹಗ್ಗದಲ್ಲಿ ಎಲ್ಲಾದರೂ ಎಳೆ ಬಿಟ್ಟಿದೆಯೇ ಎಂದು ಬಟ್ಟೆ ಸವರಿ ನೋಡುವುದು, ಬಾಗಿಲಿನ ಕೊಂಡಿಗಳನ್ನು ಬಿಗಿ ಮಾಡುವುದು ಅವನ ದಿನದ ಕೆಲಸ.

ಕೆಲಸದವರ ನಡುವೆ ಅವನಿಗೆ ಹೆಸರು ಬಂದದ್ದು ಮಾತ್ರ ಬೇರೊಂದು ಕಾರಣಕ್ಕೆ. ಎಲ್ಲಾದರೂ ಲಿಫ್ಟು ಅದುರುತ್ತದೆ ಎಂದು ದೂರು ಬಂದರೆ ಮಾವ ಬೂಟು ಕಳಚಿಟ್ಟು ಬರಿಗಾಲಲ್ಲಿ ಒಳಗೆ ನಿಂತು, ಕೆಳಗಿನಿಂದ ಮೇಲಿನವರೆಗೆ ಒಂದು ಸಲ ಹೋಗಿಬರುತ್ತಿದ್ದ. ಎಷ್ಟನೇ ಮಹಡಿಯ ಹತ್ತಿರ ಹಳಿಯ ಜೋಡಣೆ ಸಡಿಲವಾಗಿದೆ ಎಂಬುದನ್ನು ಅಂಗಾಲು ಅವನಿಗೆ ಹೇಳಿಬಿಡುತ್ತಿತ್ತು. ಹೊಸ ಇಂಜಿನಿಯರುಗಳು ಮೀಟರು ಹಿಡಿದು ಅರ್ಧ ದಿನ ಅಳೆದು ಕೊನೆಗೆ ಅವನು ಹೇಳಿದ ಮಾತಿಗೇ ಬಂದು ನಿಲ್ಲುತ್ತಿದ್ದರು.

ಅಂಥ ಕಾಲು ಒಂದು ದಿನ ಸುಮ್ಮನಾಗಿಬಿಟ್ಟಿತು. ಆದರೆ ಅದರ ಮೂಲ ಇದ್ದದ್ದು ಹೊಟ್ಟೆಯಲ್ಲಿ.

ಮಾವನಿಗೆ ಎರಡು ವರ್ಷಗಳಿಂದ ಹೊಟ್ಟೆ ಉಬ್ಬುತ್ತಿತ್ತು. ಬೆಳಿಗ್ಗೆ ಎದ್ದಾಗ ಏನೂ ಇಲ್ಲ. ಮಧ್ಯಾಹ್ನದ ಊಟವಾಗಿ ಒಂದು ಗಂಟೆಯಾಗುವುದರೊಳಗೆ ಒಳಗೆ ಗುಡುಗುಡು ಶುರು, ಸಂಜೆ ಮನೆಗೆ ಬರುವಾಗ ಹೊಟ್ಟೆ ನಗಾರಿ. ದಿನಕ್ಕೆ ನಾಲ್ಕೈದು ಸಲ ಹೊರಕ್ಕೆ ಹೋಗಬೇಕು; ಹೋದದ್ದು ಜಿಡ್ಡು ಜಿಡ್ಡಾಗಿ ನೀರಿನ ಮೇಲೆ ತೇಲುತ್ತಿತ್ತು. ಈ ಊರಿನ ಕಟ್ಟಡಗಳನ್ನು ಬೇರೆಯವರು ಬಣ್ಣದಿಂದಲೋ ಬೋರ್ಡಿನಿಂದಲೋ ಗುರುತು ಹಿಡಿದರೆ ತನಗೆ ಕಕ್ಕಸಿನಿಂದಲೇ ಗುರುತು ಎಂದು ಮಾವ ತಮಾಷೆ ಮಾಡುತ್ತಿದ್ದ. ನಾವೂ ನಗುತ್ತಿದ್ದೆವು. ಔಷಧಿ ಅಂಗಡಿಯಿಂದ ಗ್ಯಾಸಿನ ಪುಡಿ ತಂದು ನೀರಿಗೆ ಕದಡಿ ಕುಡಿದು, ಉದ್ದಕ್ಕೆ ಒಂದು ತೇಗು ತೇಗಿದರೆ ಅಲ್ಲಿಗೆ ವೈದ್ಯ ಮುಗಿಯಿತು.

ಮಾವ ಡಾಕ್ಟರ ಹತ್ತಿರ ಹೋಗದಿರುವುದಕ್ಕೆ ಸೋಮಾರಿತನ ಕಾರಣವಲ್ಲ, ಭಯ. ನಮ್ಮ ತಾತ, ಎಂದರೆ ಮಾವನ ಅಪ್ಪ, ಹೊಟ್ಟೆಯ ಕ್ಯಾನ್ಸರಿನಲ್ಲಿ ಹೋದವರು. ಆಗ ಮಾವನಿಗೆ ಇಪ್ಪತ್ತಮೂರು. ಕೊನೆಯ ತಿಂಗಳುಗಳಲ್ಲಿ ತಾತನನ್ನು ಹಾಸಿಗೆಯಿಂದ ಎತ್ತಿ ಕೂರಿಸುತ್ತಿದ್ದವನು ಅವನೇ. ಹಾಗಾಗಿ ಹದಿನಾಲ್ಕು ವರ್ಷಗಳ ಕೆಳಗೆ ಹೊಟ್ಟೆಯ ಹುಣ್ಣು ಒಡೆದು ಅವನನ್ನೇ ಸ್ಟ್ರೆಚರಿನಲ್ಲಿ ಹೊತ್ತೊಯ್ದಾಗ ಜೀವದಾಸೆ ಬಿಟ್ಟಿದ್ದ. ಆಪರೇಷನ್ ಮಾಡಿ, ಜಠರದ ಒಂದಷ್ಟು ಭಾಗ ತೆಗೆದು, ಉಳಿದದ್ದಕ್ಕೆ ಸಣ್ಣ ಕರುಳನ್ನು ಎಳೆದು ಜೋಡಿಸಿ ಹೊಲಿದಿದ್ದರು. ಮಾವ ಬದುಕಿದ. ಹೊಟ್ಟೆಯಲ್ಲಿ ಹುಳಿ ಕಮ್ಮಿಯಾಗಲಿ ಎಂದು ಎರಡು ತಿಂಗಳಿಗೆ ಬರೆದುಕೊಟ್ಟ ಮಾತ್ರೆಯನ್ನು ಮಾತ್ರ ಹದಿನಾಲ್ಕು ವರ್ಷ ಬಿಡದೆ ನುಂಗಿದ. ಬೆಳಿಗ್ಗೆ ಹಲ್ಲುಜ್ಜುವುದು, ಮಾತ್ರೆ ನುಂಗುವುದು. ಅದನ್ನು ನಿಲ್ಲಿಸಿದರೆ ಹುಣ್ಣು ಮತ್ತೆ ಒಡೆಯುತ್ತದೆ ಎಂಬುದು ಅವನ ನಂಬಿಕೆ, ಯಾರೂ ಹೇಳಿದ್ದಲ್ಲ.

ಕಾಲಿನ ವಿಷಯ ಮೊದಲು ಕಂಡದ್ದು ಒಂದು ಭಾನುವಾರ. ತರಕಾರಿ ತರಲು ಹೋದವನು ಒಂದೇ ಚಪ್ಪಲಿಯಲ್ಲಿ ವಾಪಸು ಬಂದ. ಇನ್ನೊಂದು ರಸ್ತೆಯ ಮೂಲೆಯಲ್ಲಿ ಬಿದ್ದಿತ್ತು. ಕಾಲಿನಿಂದ ಜಾರಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ವಯಸ್ಸಾಯಿತು ಎಂದು ಅತ್ತೆ ರೇಗಿಸಿದಳು. ಅವನೂ ನಕ್ಕ, ಆದರೆ ಕೂತು ಅಂಗಾಲನ್ನು ಚಿವುಟಿ ಚಿವುಟಿ ನೋಡಿಕೊಂಡ. ದಪ್ಪ ಕಾಲುಚೀಲದ ಮೇಲಿಂದ ಚಿವುಟಿದ ಹಾಗಿತ್ತಂತೆ.

ಅದಾಗಿ ಒಂದು ವಾರಕ್ಕೆ ಬಚ್ಚಲಿನಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದವನು ಮುಂದಕ್ಕೆ ಮುಗ್ಗರಿಸಿ ಸಿಂಕಿಗೆ ಹಣೆ ಬಡಿಸಿಕೊಂಡ. ನೆಲ ಜಾರಿತು ಎಂದು ಅತ್ತೆಗೆ ಹೇಳಿದ. ಮರುದಿನ ಒಣಗಿದ ನೆಲದ ಮೇಲೆ ನಿಂತು, ಬೇಕೆಂದೇ ಕಣ್ಣು ಮುಚ್ಚಿದ. ಮೂರು ಎಣಿಸುವುದರೊಳಗೆ ಮೈ ವಾಲಿತು. ಕಣ್ಣು ಬಿಟ್ಟ, ನೆಟ್ಟಗಾದ. ಮತ್ತೆ ಮುಚ್ಚಿದ, ಮತ್ತೆ ವಾಲಿದ. ಆ ಬಚ್ಚಲಿನ ಬಾಗಿಲು ಹಾಕಿಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ತನಗೇ ಗೊತ್ತಿಲ್ಲ, ಬೆವರು ಇಳಿಯುತ್ತಿತ್ತು ಎಂದು ಆಮೇಲೆ ನನಗೆ ಹೇಳಿದ. ಅಷ್ಟಾದರೂ ಯಾರ ಮುಂದೆಯೂ ತುಟಿ ಪಿಟಕ್ಕೆನ್ನಲಿಲ್ಲ. ಕೆಲಸಕ್ಕೆ ಹೋದ. ಕೆಲಸವೋ ಕತ್ತಲೆಯೊಳಗಿನದು.

ಆಗ ಹತ್ತು ಮಹಡಿಯ ಒಂದು ಕಚೇರಿ ಕಟ್ಟಡದಲ್ಲಿ ಕೆಲಸ ನಡೆದಿತ್ತು. ಮಾವನ ಜೊತೆಗಾರನಿಗೆ ಎಲ್ಲರೂ ಇಟ್ಟ ಹೆಸರು ಗಂಟಲು. ಮೇಲಿನ ಮೆಷಿನ್ ರೂಮಿನಿಂದ ಅವನು ಕೂಗಿದರೆ ಶಾಫ್ಟಿನ ತಳದವರೆಗೂ ಕೇಳಬೇಕು, ಅಂಥ ದನಿ. ಇಬ್ಬರೂ ಹತ್ತೊಂಬತ್ತು ವರ್ಷದ ಜೋಡಿ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಗಂಟಲು ಮೇಲಿದ್ದ, ಮಾವ ಏಳನೇ ಮಹಡಿಯ ಹತ್ತಿರ ಲಿಫ್ಟಿನ ಪೆಟ್ಟಿಗೆಯ ಮೇಲೆ ನಿಂತು ಹಳಿಯ ಬೋಲ್ಟು ತಿರುಗಿಸುತ್ತಿದ್ದ. ಆ ಮೂಲೆಗೆ ಕೈ ಎಟುಕಲಿ ಎಂದು ಸೊಂಟದ ಬೆಲ್ಟಿನ ಕೊಕ್ಕೆಯನ್ನು ಒಂದು ನಿಮಿಷಕ್ಕೆಂದು ಬಿಚ್ಚಿದ್ದ. ಆಗ ಬಲ್ಬು ಹೋಯಿತು.

ಬಲ್ಬು ಹೋಗುವುದು ಅವನಿಗೆ ಹೊಸದಲ್ಲ. ಜೇಬಿನಲ್ಲಿ ಟಾರ್ಚು ಇರುತ್ತದೆ. ಆದರೆ ಆ ದಿನ ಬೆಳಕಿನ ಜೊತೆ ಕಾಲೂ ಹೋಯಿತು. ಸೊಂಟದಿಂದ ಕೆಳಗೆ ತನ್ನದು ಎನ್ನುವುದು ಏನೂ ಇರಲಿಲ್ಲ. ನಿಂತಿದ್ದೇನೋ ಬೀಳುತ್ತಿದ್ದೇನೋ ಎಂಬುದೂ ತಿಳಿಯಲಿಲ್ಲ. ಪೆಟ್ಟಿಗೆಗೂ ಗೋಡೆಗೂ ನಡುವೆ ಒಂದು ಮೈ ತೂರುವಷ್ಟು ಸಂದು, ಅದರ ಕೆಳಗೆ ಏಳು ಮಹಡಿ. ಆ ಸಂದು ಎಡಕ್ಕಿದೆ ಎಂದು ಮೂವತ್ತು ವರ್ಷದಿಂದ ಗೊತ್ತಿದ್ದವನಿಗೆ ಎಡ ಯಾವುದು ಎಂದೇ ಮರೆಯಿತು. ಗಾಳಿಯಲ್ಲಿ ಕೈ ಬೀಸಿದ. ಒಂದು ಕೈಗೆ ಉಕ್ಕಿನ ಹಗ್ಗ ಸಿಕ್ಕಿತು. ಎರಡೂ ಕೈಯಿಂದ ಅದನ್ನು ತಬ್ಬಿ, ಗ್ರೀಸಿಗೆ ಕೆನ್ನೆ ಒತ್ತಿ, ಹಾಗೇ ಕುಸಿದು ಕೂತ.

ಮೇಲಿನಿಂದ ಗಂಟಲು ಕೂಗಿದ. ಮಾವನಿಗೆ ಕೇಳಿಸಿತು, ಉತ್ತರ ಹೊರಡಲಿಲ್ಲ. ಇನ್ನೊಮ್ಮೆ ಕೂಗಿದ. ಮೂರನೇ ಸಲಕ್ಕೆ ಆ ದೊಡ್ಡ ದನಿ ನಡುಗಿತು. ಆಮೇಲೆ ಮೆಟ್ಟಿಲು ಇಳಿದು ಓಡಿಬರುವ ಸದ್ದು. ಎಂಟನೇ ಮಹಡಿಯ ಬಾಗಿಲನ್ನು ಕೀಲಿಯಿಂದ ತೆರೆದಾಗ ಬೆಳಕು ಬಿತ್ತು. ಬೆಳಕಿನಲ್ಲಿ ಕಾಲು ಕಂಡಿತು. ಕಂಡ ಮೇಲೆ ಅದನ್ನು ನೋಡಿಕೊಂಡೇ ಎತ್ತಿಟ್ಟು ಮಾವ ಮೇಲಕ್ಕೆ ಬಂದ. ಕಾರಿಡಾರಿನಲ್ಲಿ ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕಿದ. ನಾಲ್ಕೂ ನಾಲ್ಕು ದಿಕ್ಕಿಗೆ ಹೋದವು. ಕಚೇರಿಯವರು ಫೈಲು ಹಿಡಿದು ನಿಂತು ನೋಡುತ್ತಿದ್ದರು.

ಗಂಟಲು ಅವನನ್ನು ಮೆಟ್ಟಿಲ ಮೇಲೆ ಕೂರಿಸಿ, ಹತ್ತಿರ ಬಗ್ಗಿ, ತನ್ನ ಜನ್ಮದಲ್ಲಿ ಮಾತಾಡದಷ್ಟು ಮೆಲ್ಲಗೆ ಕೇಳಿದ.

"ಅಣ್ಣ, ನಿಜ ಹೇಳು. ಕುಡ್ಕೊಂಡ್ ಬಂದಿದ್ದೀಯಾ?"

ಮಾವ ಹಬ್ಬಕ್ಕೂ ಮದುವೆಗೂ ಒಂದು ಹನಿ ಮುಟ್ಟಿದವನಲ್ಲ. ಅದು ಗಂಟಲಿಗೂ ಗೊತ್ತು. ಅದಕ್ಕೇ ಆ ಪ್ರಶ್ನೆ ಕೇಳುವಾಗ ಅವನ ಮುಖ ಅಷ್ಟು ಸೋತಿತ್ತು.

"ಹ್ಞೂಂ," ಎಂದ ಮಾವ. "ಸ್ವಲ್ಪ ಜಾಸ್ತಿ ಆಯ್ತು."

ಹಾಗೇಕೆ ಹೇಳಿದೆ ಎಂದು ಎಷ್ಟೋ ದಿನದ ಮೇಲೆ ಕೇಳಿದೆ. ಮಾವ ಉಗುರು ಕೆರೆದುಕೊಂಡ. "ಕುಡುಕ ಅಂದ್ರೆ ಬೈತಾರೆ, ಅಷ್ಟೇ," ಎಂದ. "ಕಾಯಿಲೆ ಅಂದ್ರೆ ಮಲಗಿಸಿ ಹೊಟ್ಟೆ ಕೊಯ್ದು ನೋಡ್ತಾರೆ. ಅಪ್ಪಂದು ಕೊಯ್ದು ನೋಡಿ, ಹಾಗೇ ಹೊಲ್ದು ಕಳಿಸಿದ್ರು ಕಣೇ."

ಸುದ್ದಿಗೆ ಕಾಲು ಬಂತು. ಮರುದಿನವೇ ಸೂಪರ್‌ವೈಸರು ಅವನನ್ನು ಹದಿನೈದು ದಿನ ಕೆಲಸದಿಂದ ದೂರವಿಟ್ಟರು. ಜೊತೆಗೆ ಮನೆಗೆ ಫೋನು ಮಾಡಿ, ಯಜಮಾನರ ಕುಡಿತ ಬಿಡಿಸಿ ಎಂದು ಅತ್ತೆಗೆ ಒಳ್ಳೆಯ ಮಾತಿನಲ್ಲೇ ಹೇಳಿದರು. ನನ್ನ ಅಮ್ಮ ಅವನ ಅಕ್ಕ. ಅವಳು ವಿಷಯ ಕೇಳಿದ್ದೇ ತಡ ಅವನ ಮನೆಗೆ ಹೋಗಿ ಒಂದು ಗಂಟೆ ಮಂಗಳಾರತಿ ಎತ್ತಿ ಬಂದಳು. ಮಾವ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಅತ್ತೆ ಮಾತ್ರ ಹೊಲಿಗೆ ಮೆಷಿನ್ನು ತುಳಿಯುತ್ತಲೇ ಇದ್ದಳು.

ಅತ್ತೆ ಮನೆಯಲ್ಲೇ ಕೂತು ಕಾರ್ಖಾನೆಯವರಿಗೆ, ಆಸ್ಪತ್ರೆಯವರಿಗೆ ಯೂನಿಫಾರ್ಮು ಹೊಲಿಯುವವಳು. ಕಿಟಕಿಯ ಪಕ್ಕ ಮೆಷಿನ್ನು, ಕೊರಳಲ್ಲಿ ಯಾವಾಗಲೂ ಅಳತೆ ಟೇಪು. ಗಂಡನ ಪ್ಯಾಂಟುಗಳನ್ನು ಒಂದೂವರೆ ವರ್ಷದಲ್ಲಿ ಮೂರು ಸಲ ಒಳಕ್ಕೆ ಹಿಡಿದು ಹೊಲಿದಿದ್ದಳು. ತೊಡೆ ಸಣ್ಣಗಾಗುತ್ತಿತ್ತು, ತೋಳು ಸಣ್ಣಗಾಗುತ್ತಿತ್ತು, ಆದರೆ ಸಂಜೆಗೆ ಸೊಂಟದ ಗುಂಡಿ ಕಿತ್ತು ಬರುತ್ತಿತ್ತು. ಅದು ಅವಳ ಕೈಗೆ ಅರ್ಥವಾಗದ ಲೆಕ್ಕ. ಹಾಗಾಗಿ ಅಳತೆ ಪುಸ್ತಕದ ಕೊನೆಯ ಹಾಳೆಗಳಲ್ಲಿ ಗಂಡನ ಸೊಂಟವನ್ನು ಬರೆದಿಡುತ್ತ ಬಂದಿದ್ದಳು. ಹೊಸ ಅಂಗಿ ಹೊಲಿಯುತ್ತೇನೆ, ಟೇಪು ಹಿಡಿಯುತ್ತೇನೆ ಎಂಬ ನೆವ. ಎಷ್ಟು ಅಂಗಿ ಹೊಲಿಯುತ್ತೀಯೇ ಮಾರಾಯ್ತಿ ಎಂದು ಮಾವ ಕೇಳಿದರೆ ಮಾತು ಹಾರಿಸುತ್ತಿದ್ದಳು.

ಅಮ್ಮ ಬೈದು ಹೋದ ಮೇಲೆ ಅತ್ತೆ ಮೆಷಿನ್ನು ನಿಲ್ಲಿಸಿ ಆ ಪುಸ್ತಕವನ್ನು ತಂದು ಮಾವನ ಮುಂದೆ ಬಿಡಿಸಿಟ್ಟಳು. ಬೆಳಿಗ್ಗೆ ಮೂವತ್ತು ಇಂಚು, ಸಂಜೆ ಮೂವತ್ತನಾಲ್ಕು. ಬೆಳಿಗ್ಗೆ ಇಪ್ಪತ್ತೊಂಬತ್ತೂವರೆ, ಸಂಜೆ ಮೂವತ್ತನಾಲ್ಕೂವರೆ. ಹೀಗೇ ಆರು ಹಾಳೆ.

"ಕುಡಿದೋರ ಸೊಂಟ ಹೀಗೆ ಬೆಳಿಗ್ಗೆ ಒಂದು, ಸಂಜೆ ಒಂದು ಆಗಲ್ಲ ರೀ," ಎಂದಳು. "ಯಾರಿಗೆ ಬೇಕಾದ್ರೂ ಸುಳ್ಳು ಹೇಳ್ಕೊಳ್ಳಿ. ಟೇಪ್ ಹಿಡ್ಯೋಳಿಗೆ ಹೇಳ್ಬೇಡಿ."

ಆಮೇಲೆ ಅವಳಿಗೇ ಅಳು ಬಂತು. ನಿಮ್ಮಪ್ಪನಿಗೆ ಬಂದದ್ದೇ ನಿಮಗೂ ಬಂದಿದೆಯೆಂದು ಒಂದೂವರೆ ವರ್ಷದಿಂದ ಹೆದರುತ್ತಿದ್ದೇನೆ, ಬಾಯಿ ಬಿಟ್ಟು ಹೇಳಿದರೆ ನಿಜವಾಗಿಬಿಡುತ್ತದೆ ಎಂದು ಸುಮ್ಮನಿದ್ದೆ ಎಂದಳು. ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯ ಮೇಲೆ, ಇಬ್ಬರೂ ಒಂದೇ ಭಯವನ್ನು ಒಬ್ಬರಿಗೊಬ್ಬರು ಬಚ್ಚಿಟ್ಟುಕೊಂಡು ಬದುಕಿದ್ದರು. ಅವತ್ತು ಮಾವ ಚಪ್ಪಲಿ, ಸಿಂಕು, ಶಾಫ್ಟು ಎಲ್ಲವನ್ನೂ ಹೇಳಿದ.

ಅವರಿಗೆ ಮಕ್ಕಳಿಲ್ಲ. ನಾನು ಆಗಷ್ಟೇ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರುವ ನಡುವೆ ಎರಡು ತಿಂಗಳು ಖಾಲಿ ಇದ್ದೆ. ಆಸ್ಪತ್ರೆಗೆ ಮೂವರೂ ಹೋದೆವು.

ಮೊದಲು ಮಾವನ ಬಾಯಿಯ ಮೂಲಕ ಕೊಳವೆ ಇಳಿಸಿ ಕ್ಯಾಮೆರಾದಲ್ಲಿ ಜಠರ ನೋಡಿದರು. ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗಿನ ಐದು ದಿನ ಮಾವ ಮನೆಯೊಳಗೆ ಗೋಡೆ ಹಿಡಿದು ಅತ್ತಿಂದಿತ್ತ ತಿರುಗಿದ. ತನ್ನ ಸ್ಪ್ಯಾನರುಗಳನ್ನೆಲ್ಲ ಒರೆಸಿ, ಯಾವುದು ಗಂಟಲಿಗೆ, ಯಾವುದು ಮಾರಲು ಅಂಗಡಿಗೆ ಎಂದು ಬೇರೆಬೇರೆ ಕಟ್ಟಿಟ್ಟ. ಅತ್ತೆ ಅದನ್ನು ನೋಡಿಯೂ ನೋಡದವಳಂತೆ ಹೊಲಿಯುತ್ತಿದ್ದಳು, ಹೊಲಿದದ್ದನ್ನು ಬಿಚ್ಚುತ್ತಿದ್ದಳು.

ಕ್ಯಾನ್ಸರ್ ಇರಲಿಲ್ಲ. ನಾವು ಕುಣಿಯಬೇಕಿತ್ತು, ಆದರೆ ಮಾವನ ಮುಖ ಇನ್ನಷ್ಟು ಕಪ್ಪಿಟ್ಟಿತು. ಗೊತ್ತಿರುವ ಶತ್ರುವಾದರೆ ಹೆಸರಾದರೂ ಇರುತ್ತದೆ. ಅದಲ್ಲದಿದ್ದರೆ ಇದೇನು? ಕಾಲಿನ ಮರಗಟ್ಟುವಿಕೆ ಅಷ್ಟರಲ್ಲಿ ಮೀನಖಂಡದವರೆಗೆ ಏರಿತ್ತು, ಬೆರಳ ತುದಿಗಳಲ್ಲೂ ಜುಮುಜುಮು ಶುರುವಾಗಿತ್ತು. ದಿನಕ್ಕೆ ಎಷ್ಟು ಏರುತ್ತದೆ ಎಂದು ಮಾವ ಪೆನ್ನಿನಿಂದ ಕಾಲಿಗೆ ಗೆರೆ ಎಳೆದುಕೊಳ್ಳುತ್ತಿದ್ದ. ಅದು ಎದೆಗೆ ಬಂದರೆ ಉಸಿರು ನಿಲ್ಲುತ್ತದೆಯೇ ಎಂದು ಒಮ್ಮೆ ನನ್ನನ್ನು ಕೇಳಿದ. ನನಗೇನು ಗೊತ್ತು? ಹಾಗೆಲ್ಲ ಆಗಲ್ಲ ಮಾವ ಎಂದೆ.

ಅಲ್ಲಿಂದ ನಮ್ಮನ್ನು ಇನ್ನೊಬ್ಬರು ಡಾಕ್ಟರ ಹತ್ತಿರ ಕಳಿಸಿದರು. ವಯಸ್ಸಾದ ಹೆಂಗಸು. ನಿಧಾನ ಮಾತು, ಮೂಗಿನ ತುದಿಯಲ್ಲಿ ಕನ್ನಡಕ. ಮಾವನನ್ನು ನಿಲ್ಲಿಸಿ, ಎರಡೂ ಪಾದ ಜೋಡಿಸಿ ಕಣ್ಣು ಮುಚ್ಚಲು ಹೇಳಿದರು. ಬೀಳದಂತೆ ತಾವೇ ಕೈ ಅಡ್ಡ ಹಿಡಿದಿದ್ದರು. ಮಾವ ಗಾಳಿಗೆ ಸಿಕ್ಕ ಗಿಡದಂತೆ ಓಲಾಡಿ ಅವರ ಕೈಮೇಲೆ ಬಿದ್ದ. ಆಮೇಲೆ ಒಂದು ಕಬ್ಬಿಣದ ಕವೆಗೋಲನ್ನು ಮೇಜಿಗೆ ಬಡಿದು, ಅದು ಗುಂಯ್ ಎನ್ನುತ್ತಿರುವಾಗಲೇ ಅವನ ಕಾಲಿನ ಗಂಟಿಗೆ ಒತ್ತಿದರು.

"ಅದುರೋದು ಗೊತ್ತಾಗುತ್ತಾ?"

ಮಾವ ಇಲ್ಲ ಎಂದು ತಲೆಯಾಡಿಸಿದ. ಮೊಣಕಾಲಿಗಿಟ್ಟರು. ಇಲ್ಲ. ಸೊಂಟದ ಮೂಳೆಗಿಟ್ಟಾಗ ಗೊತ್ತಾಯಿತು. ಅಂಗಾಲಿನಲ್ಲಿ ಹಳಿಯ ಅದುರು ಓದುತ್ತಿದ್ದ ಮನುಷ್ಯ, ಕವೆಗೋಲು ಕಣ್ಣೆದುರಿಗೇ ನಡುಗುತ್ತಿದ್ದರೂ ಏನೂ ತಿಳಿಯದೆ ಕೂತಿದ್ದ. ಅವನ ಕಣ್ಣಲ್ಲಿ ನೀರು ತುಂಬಿತು. ಅತ್ತೆ ಗೋಡೆಯ ಕಡೆ ತಿರುಗಿದಳು.

ಡಾಕ್ಟರು ಹಳೆಯ ಆಪರೇಷನ್ನಿನ ಗಾಯದ ಗೆರೆ ನೋಡಿದರು. ಯಾವ ಮಾತ್ರೆ, ಎಷ್ಟು ವರ್ಷದಿಂದ ಎಂದು ಕೇಳಿದರು. ಹದಿನಾಲ್ಕು ಎಂದಾಗ ಪೆನ್ನು ನಿಲ್ಲಿಸಿ ಮಾವನ ಮುಖ ನೋಡಿದರು. ಆಗ ಅತ್ತೆ ಹೆದರುತ್ತಲೇ ಅಳತೆ ಪುಸ್ತಕವನ್ನು ಮೇಜಿನ ಮೇಲಿಟ್ಟಳು. ಇದರಿಂದ ಏನಾದರೂ ಉಪಯೋಗ ಇದೆಯೋ ಇಲ್ಲವೋ ಎಂದಳು. ಡಾಕ್ಟರು ಆರೂ ಹಾಳೆಗಳನ್ನು ಬೆರಳಿಟ್ಟು ಓದಿದರು. ಇಷ್ಟು ಒಳ್ಳೆಯ ದಾಖಲೆ ನಮ್ಮ ವಾರ್ಡಿನಲ್ಲೂ ಇಡುವುದಿಲ್ಲ ಎಂದರು.

ರಕ್ತದಲ್ಲಿ ಬಿ ಹನ್ನೆರಡು ಎಂಬ ಜೀವಸತ್ವ ಹೇಳಲಿಕ್ಕೂ ಇರಲಿಲ್ಲ. ಆಮೇಲೆ ಉಸಿರಿನ ಪರೀಕ್ಷೆ. ಹಿಂದಿನ ದಿನ ಬರೀ ಬಿಳಿ ಅನ್ನ, ಮೊಟ್ಟೆ. ಬೆಳಿಗ್ಗೆ ಖಾಲಿ ಹೊಟ್ಟೆ. ಒಂದು ಲೋಟ ಸಕ್ಕರೆ ನೀರಿನಂಥ ಗ್ಲೂಕೋಸ್ ಕುಡಿಸಿ, ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಚೀಲದೊಳಗೆ ಊದಿಸಿದರು. ನರ್ಸು ಪ್ರತಿ ಚೀಲವನ್ನೂ ಒಂದು ಯಂತ್ರಕ್ಕೆ ಸಿಕ್ಕಿಸಿ ಅಂಕಿ ಬರೆದುಕೊಳ್ಳುತ್ತಿದ್ದಳು. ಮೊದಲೆರಡು ಸಲ ಅವಳ ಮುಖ ಸಾಮಾನ್ಯವಾಗಿತ್ತು. ಮೂರನೆಯ ಸಲ ಯಂತ್ರವನ್ನು ಎರಡು ಬಾರಿ ನೋಡಿದಳು. ಅಷ್ಟು ಸಾಕಾಯಿತು, ಮಾವನ ಜೀವ ಬಾಯಿಗೆ ಬಂತು. ಏನಮ್ಮಾ ಎಂದು ಕೇಳಿದ. ಡಾಕ್ಟರು ಹೇಳುತ್ತಾರೆ ಎಂದಳು. ಉಳಿದ ಮೂರು ಚೀಲಗಳನ್ನು ಊದುವಾಗ ಅವನ ತುಟಿ ನಡುಗಿ ಗಾಳಿ ಪಕ್ಕಕ್ಕೆ ಸೋರುತ್ತಿತ್ತು. ಮಧ್ಯದಲ್ಲಿ ಹೊಟ್ಟೆ ಎಂಥ ಸದ್ದು ಮಾಡಿತೆಂದರೆ, ಆಚೆ ಬೆಂಚಿನಲ್ಲಿದ್ದವರು ಯಾರದೋ ಫೋನು ಎಂದುಕೊಂಡು ಜೇಬು ತಡವಿಕೊಂಡರು. ನಗಲೂ ಆಗದೆ ಅಳಲೂ ಆಗದೆ ನಾವು ಕೂತಿದ್ದೆವು.

ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ದೊಡ್ಡ ಕರುಳಿನಲ್ಲಿ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಇರುವುದು ಸಹಜ, ಇರಬೇಕು ಕೂಡ. ಸಣ್ಣ ಕರುಳಿನಲ್ಲಿ ಬಹಳ ಕಡಿಮೆ. ಹೊಟ್ಟೆಯ ಹುಳಿ ಅವುಗಳನ್ನು ಕೊಲ್ಲುತ್ತದೆ, ಕರುಳು ಆಗಾಗ ತನ್ನನ್ನು ತಾನೇ ಗುಡಿಸಿಕೊಂಡು ಮುಂದಕ್ಕೆ ತಳ್ಳುತ್ತದೆ. ಮಾವನಿಗೆ ಎರಡೂ ಕೆಟ್ಟಿದ್ದವು. ಹುಳಿಯನ್ನು ಹದಿನಾಲ್ಕು ವರ್ಷದ ಮಾತ್ರೆ ಅಡಗಿಸಿತ್ತು. ಆಪರೇಷನ್ನಿನ ಜೋಡಣೆಯಲ್ಲಿ ಕರುಳಿನ ಒಂದು ತುಂಡು ಪಕ್ಕಕ್ಕೆ ಉಳಿದು, ಒಳಗೆ ಹೋದದ್ದು ಮುಂದೆ ಹರಿಯದೆ ಅಲ್ಲೇ ನಿಲ್ಲುತ್ತಿತ್ತು. ನಿಂತಲ್ಲಿ ಬ್ಯಾಕ್ಟೀರಿಯಾ ಬೀಡುಬಿಟ್ಟು ಬೆಳೆದಿದ್ದವು.

"ನಮ್ಮ ಮೈ ತಾನಾಗಿ ಹೈಡ್ರೋಜನ್ ಮಾಡಲ್ಲ," ಎಂದರು ಡಾಕ್ಟರು. "ಆ ಯಂತ್ರ ಅಳೆದದ್ದು ಅದನ್ನೇ. ನಿಮ್ಮ ಉಸಿರಲ್ಲಿ ಬರ್ತಿದೆ ಅಂದ್ರೆ ಒಳಗೆ ಅವು ಮಾಡ್ತಿವೆ ಅಂತ ಅರ್ಥ. ನೀವು ಉಣ್ಣೋ ಊಟದ ಮೇಲೆ ಮೊದಲು ಕೂರೋದು ಅವು. ಜಿಡ್ಡು ಅರಗೋಕೆ ಬಿಡಲ್ಲ, ಬಿ ಹನ್ನೆರಡನ್ನ ತಾವೇ ತಿಂದುಬಿಡ್ತವೆ. ಜಠರ ಕತ್ತರಿಸಿರೋದ್ರಿಂದ ಅದು ಮೈಗೆ ಸೇರೋದೂ ಮೊದಲೇ ಕಷ್ಟ. ಅದಿಲ್ಲದೆ ಬೆನ್ನುಹುರಿಯ ನರ ಸೊರಗಿದೆ. ಪಾದ ಎಲ್ಲಿದೆ ಅಂತ ತಲೆಗೆ ಸುದ್ದಿ ಮುಟ್ತಿಲ್ಲ. ಕಣ್ಣಿಂದ ನೋಡಿ ನಡೀತಿದ್ರಿ, ಕತ್ತಲಾದ್ರೆ ಅದೂ ಇಲ್ಲ."

ಮಾವ ಒಂದೇ ಪ್ರಶ್ನೆ ಕೇಳಿದ. ಕಾಲು ವಾಪಸು ಬರುತ್ತದೆಯೇ?

ಡಾಕ್ಟರು ಬಾಯಿಮಾತಿನ ಸಮಾಧಾನ ಹೇಳಲಿಲ್ಲ. ಹೊಟ್ಟೆ ಬೇಗ ಸರಿಹೋಗುತ್ತದೆ. ನರದ ವಿಷಯ ಹೇಳಲಾಗದು, ತಡವಾಗಿದೆ, ಆರು ತಿಂಗಳಲ್ಲಿ ಎಷ್ಟು ಬರುತ್ತದೋ ನೋಡೋಣ ಎಂದರು. ಹೊಟ್ಟೆ ಉಬ್ಬಿದವರಿಗೆಲ್ಲ ಹೀಗಾಗುವುದಿಲ್ಲ, ಬಹಳ ಜನಕ್ಕೆ ಬರೀ ಗ್ಯಾಸು, ಭೇದಿ, ಸುಸ್ತಿನಲ್ಲೇ ನಿಲ್ಲುತ್ತದೆ, ನಿಮ್ಮದು ಇಷ್ಟು ದೂರ ಬರಲು ಬಿಡಬಾರದಿತ್ತು ಎಂದೂ ಸೇರಿಸಿದರು.

ಹದಿನಾಲ್ಕು ದಿನ ಆಂಟಿಬಯೋಟಿಕ್ ಮಾತ್ರೆ, ದಿನ ಬಿಟ್ಟು ದಿನ ಬಿ ಹನ್ನೆರಡರ ಇಂಜೆಕ್ಷನ್. ಹುಳಿಯ ಮಾತ್ರೆಯನ್ನು ಡಾಕ್ಟರೇ ಮುಂದೆ ನಿಂತು ಹಂತಹಂತವಾಗಿ ಬಿಡಿಸಿದರು. ಆ ಮಾತ್ರೆ ಬಿಡುವುದು ಮಾವನಿಗೆ ಎಲ್ಲಕ್ಕಿಂತ ದೊಡ್ಡ ಹೆದರಿಕೆ. ಎದೆ ಒಂದಿಷ್ಟು ಉರಿದರೂ ಸಾಕು, ಹುಣ್ಣು ಒಡೆಯಿತು ಎಂದು ಹೊಟ್ಟೆ ಹಿಡಿದು ಕೂರುತ್ತಿದ್ದ. ಎರಡು ಸಲ ನಾವು ಅವನನ್ನು ತುರ್ತು ವಿಭಾಗಕ್ಕೆ ಕರೆದೊಯ್ದೆವು, ಎರಡು ಸಲವೂ ಏನೂ ಇಲ್ಲವೆಂದು ಕಳಿಸಿದರು.

ಹೊಟ್ಟೆ ಮೂರನೇ ವಾರಕ್ಕೇ ಇಳಿಯಿತು. ಬೆಳಿಗ್ಗೆಗೂ ಸಂಜೆಗೂ ಸೊಂಟದ ಅಳತೆಯಲ್ಲಿ ಅರ್ಧ ಇಂಚಿನ ವ್ಯತ್ಯಾಸವೂ ಉಳಿಯಲಿಲ್ಲ. ಆದರೆ ಕಾಲಿನಲ್ಲಿ ಹೊಸ ಕಾಟ ಶುರುವಾಯಿತು. ಅಂಗಾಲಿನಲ್ಲಿ ಕೆಂಡ ಸುರಿದ ಹಾಗೆ, ಸೂಜಿ ಚುಚ್ಚಿದ ಹಾಗೆ ನೋವು. ಇಷ್ಟು ದಿನ ಸತ್ತಂತಿದ್ದದ್ದು ಈಗ ಕೊಳೆಯುತ್ತಿದೆ, ಕತ್ತರಿಸಿ ಹಾಕುತ್ತಾರೆ ಎಂದು ಮಾವ ತಾನೇ ತೀರ್ಮಾನ ಮಾಡಿ ಊಟ ಬಿಟ್ಟ. ಡಾಕ್ಟರಿಗೆ ಫೋನು ಮಾಡಿದೆ. ನರ ಎಚ್ಚರಗೊಳ್ಳುವಾಗ ಕೆಲವರಿಗೆ ಹೀಗಾಗುತ್ತದೆ, ಒಳ್ಳೆಯ ಗುರುತಿರಬಹುದು, ಬಂದು ತೋರಿಸಿ ಎಂದರು. ತೋರಿಸಿದೆವು. ಕವೆಗೋಲಿನ ಅದುರು ಈಗ ಮೊಣಕಾಲಿನಲ್ಲಿ ತಿಳಿಯುತ್ತಿತ್ತು.

ಅಷ್ಟರಲ್ಲಿ ಗಂಟಲಿಗೆ ವಿಷಯ ಗೊತ್ತಾಯಿತು. ನಾನೇ ಹೇಳಿದ್ದೆ. ಮನೆಗೆ ಬಂದ, ಕುರ್ಚಿಯಲ್ಲಿ ಕೂರಲಿಲ್ಲ.

"ನಾನೇ ಹೋಗಿ ಸೂಪರ್‌ವೈಸರ್‌ಗೆ ಹೇಳ್ದೆ, ಅಣ್ಣ ಕುಡ್ದು ಬಂದಿದ್ದಾನೆ ಅಂತ," ಎಂದ. "ನಿನ್ ಜೀವ ಉಳೀಲಿ ಅಂತ ಹೇಳ್ದೆ. ಸುಳ್ಳು ಹೇಳಿಸ್ಬಿಟ್ಟೆಯಲ್ಲ ನನ್ ಬಾಯಲ್ಲಿ."

ಮಾವ ಎದ್ದು ಅವನ ಕೈ ಹಿಡಿದುಕೊಂಡ. ಕ್ಷಮಿಸು ಎಂದು ಕೇಳಿದ. ಗಂಟಲು ಕೈ ಬಿಡಿಸಿಕೊಳ್ಳಲಿಲ್ಲ, ಆದರೆ ಆ ದಿನ ಕ್ಷಮಿಸಿದೆ ಎಂದೂ ಹೇಳಲಿಲ್ಲ. ಮುಂದಿನ ವಾರ ಅವನೇ ಸೂಪರ್‌ವೈಸರನ್ನು ಕರೆದುಕೊಂಡು ಬಂದ. ಆಸ್ಪತ್ರೆಯ ಕಾಗದಗಳನ್ನು ಅವರು ಎರಡೆರಡು ಸಲ ಓದಿದರು.

ಆರು ತಿಂಗಳಾದ ಮೇಲೆ ಡಾಕ್ಟರು ಮತ್ತೆ ಪಾದ ಜೋಡಿಸಿ ನಿಲ್ಲಿಸಿದರು. ಕಣ್ಣು ಮುಚ್ಚಿದ ಮಾವನ ಕೆನ್ನೆಯ ಮಾಂಸ ನಡುಗುವುದು ನನಗೆ ಕಾಣುತ್ತಿತ್ತು. ಅತ್ತೆ ಬಾಯೊಳಗೇ ಎಣಿಸುತ್ತಿದ್ದಳು. ಓಲಾಡಿದ, ಬೀಳಲಿಲ್ಲ. ಹದಿನೆಂಟಕ್ಕೆ ಕಣ್ಣು ಬಿಟ್ಟ. ಹಿಮ್ಮಡಿಗೆ ಸ್ಪರ್ಶ ಬಂದಿದೆ, ಕಾಲ್ಬೆರಳುಗಳಿಗೆ ಬಂದಿಲ್ಲ, ಬಹುಶಃ ಇಷ್ಟೇ ಎಂದರು ಡಾಕ್ಟರು. ಮತ್ತೆ ಶಾಫ್ಟಿಗೆ ಇಳಿಯುವಂತಿಲ್ಲ. ಕರುಳಿನ ಜೋಡಣೆ ಹಾಗೇ ಇರುವುದರಿಂದ ಬ್ಯಾಕ್ಟೀರಿಯಾ ಮತ್ತೆ ಬೆಳೆಯುತ್ತವೆ. ಬಂದಾಗ ತಡ ಮಾಡದೆ ಬರಬೇಕು.

ಹೇಳಿದ ಹಾಗೇ ಬಂತು. ಎಂಟನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಊಟವಾದ ಮೇಲೆ ಒಳಗೆ ಗುಡುಗುಡು ಎಂದಿತು. ಮಾವ ತಟ್ಟೆ ಬಿಟ್ಟು ಎದ್ದು, ಬೆವರುತ್ತ, ಬಾಗಿಲ ಬಳಿ ನಿಂತು ಚಪ್ಪಲಿ ಹುಡುಕತೊಡಗಿದ. ಎಲ್ಲಿಗೆ ಎಂದು ಅತ್ತೆ ಕೇಳಿದಳು. ಆಸ್ಪತ್ರೆಗೆ ಎಂದ. ಗುಡುಗಿ ಹತ್ತು ನಿಮಿಷವೂ ಆಗಿರಲಿಲ್ಲ. ಮತ್ತೆ ಊದಿಸಿದರು, ಮತ್ತೆ ಮಾತ್ರೆ ಕೊಟ್ಟರು, ಮತ್ತೆ ಇಳಿಯಿತು. ಅದಾದ ಮೇಲೆ ಇನ್ನೂ ಎರಡು ಸಲ ಹೀಗಾಗಿದೆ.

ಈಗ ಮಾವ ಕಂಪನಿಯ ವರ್ಕ್‌ಶಾಪಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಬಾಗಿಲಿನ ಮೋಟಾರುಗಳನ್ನು ಬಿಚ್ಚಿ ಜೋಡಿಸುತ್ತಾನೆ. ದಿನವೂ ಮೂರು ಗಂಟೆಗೆ ಗಂಟಲು ಬಂದು ಮೇಜಿನ ಮೇಲೆ ಕಾಲಿಳಿಬಿಟ್ಟು ಕೂತು, ಯಾವ ಕಟ್ಟಡದಲ್ಲಿ ಏನು ಅದುರುತ್ತಿದೆ ಎಂದು ವರದಿ ಒಪ್ಪಿಸುತ್ತಾನೆ. ಮಾವ ಕೇಳಿಸಿಕೊಂಡು ಎಲ್ಲಿ ನೋಡಬೇಕೆಂದು ಹೇಳುತ್ತಾನೆ. ಕೆಲವೊಮ್ಮೆ ಸರಿಯಾಗುತ್ತದೆ, ಕೆಲವೊಮ್ಮೆ ತಪ್ಪುತ್ತದೆ. ಭಯ ಪೂರ್ತಿ ಹೋಗಿಲ್ಲ. ಕರೆಂಟು ಹೋದರೆ ಇದ್ದಲ್ಲೇ ನೆಲಕ್ಕೆ ಕೂತುಬಿಡುತ್ತಾನೆ, ಯಾರು ನೋಡುತ್ತಿದ್ದರೂ ಸರಿಯೇ.

ತಿಂಗಳಿಗೊಂದು ಬಿ ಹನ್ನೆರಡರ ಇಂಜೆಕ್ಷನ್ ಬದುಕಿರುವವರೆಗೂ ಇದೆ. ಹೋದ ತಿಂಗಳು ನಾನೂ ಜೊತೆ ಹೋಗಿದ್ದೆ. ಬೆಂಚಿನಲ್ಲಿ ನಮ್ಮ ಪಕ್ಕ ಒಬ್ಬ ಬಸ್ ಕಂಡಕ್ಟರು ಯೂನಿಫಾರ್ಮಿನಲ್ಲೇ ಕೂತಿದ್ದ. ಟೋಕನ್ ಚೀಟಿಯನ್ನು ಬೆರಳಲ್ಲಿ ಉಂಡೆ ಮಾಡುತ್ತಿದ್ದ, ಬಿಡಿಸುತ್ತಿದ್ದ. ಮನೆಯವರು ಬಂದಿಲ್ಲವೇ ಎಂದು ಮಾವ ಕೇಳಿದ. ಡ್ಯೂಟಿಗೆ ಹೋಗುತ್ತೇನೆಂದು ಹೇಳಿ ಬಂದಿದ್ದೇನೆ ಎಂದ ಅವನು. ಮಾವ ಅವನ ಹತ್ತಿರಕ್ಕೆ ಸರಿದು ಕೇಳಿದ:

"ಏನಿರಬಹುದು ಅಂತ ನಿಮ್ಮ ಹೆದರಿಕೆ?"

ಕಂಡಕ್ಟರು ಅತ್ತಿತ್ತ ನೋಡಿ, ಆ ರೋಗದ ಹೆಸರನ್ನು ಪಿಸುಗುಟ್ಟಿದ.

"ನನಗೂ ಅದೇ ಹೆದರಿಕೆ ಇತ್ತು," ಎಂದ ಮಾವ.

ಕಂಡಕ್ಟರನ್ನು ಒಳಗೆ ಕರೆದರು. ಅಷ್ಟರಲ್ಲಿ ಮಾವನಿಗೆ ಇಂಜೆಕ್ಷನ್ನೂ ಆಯಿತು, ಬಸ್ಸಿಗೂ ಹೊತ್ತಾಗುತ್ತಿತ್ತು. ಹೋಗೋಣವೇ ಎಂದೆ. ಅವನು ಬರಲಿ ಇರು ಎಂದು ಮಾವ ಆ ಮುಚ್ಚಿದ ಬಾಗಿಲನ್ನೇ ನೋಡುತ್ತ ಕೂತ.